ಪುಣೆಯ ಒಂದು ಮೈಕ್ರೋಆರ್‌ಎನ್‌ಎ ಸೀಕ್ವೆನ್ಸಿಂಗ್ ಸೇವೆ: ಎಣಿಕೆ ನಂಬಬಹುದು, ಗುರಿಗಳ ಪಟ್ಟಿ ನಂಬಲಾಗದು

ವಂಶವಾಹಿಗಳ ಕೆಲಸವನ್ನು ಅದುಮಿಡುವ ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎ ಎಳೆಗಳನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಬಂದ ಮೇಲೆ, ಮುಂಬಯಿಯ ಕಾಲೇಜು ಪ್ರಯೋಗಾಲಯಗಳಲ್ಲಿ ಮೈಕ್ರೋಆರ್‌ಎನ್‌ಎ ಕುರಿತ ಯೋಜನೆಗಳು ಒಮ್ಮೆಲೇ ಹೆಚ್ಚಿವೆ. ಆರ್‌ಎನ್‌ಎಯ ಅಕ್ಷರಗಳನ್ನು ಓದುವ ಸ್ವಂತ ಸೀಕ್ವೆನ್ಸರ್ ಯಂತ್ರ ಇಟ್ಟುಕೊಳ್ಳುವಷ್ಟು ಹಣ ನಮ್ಮಂಥ ವಿಭಾಗಗಳಲ್ಲಿ ಇಲ್ಲದಿರುವುದರಿಂದ ಮಾದರಿಗಳನ್ನು ಪುಣೆ, ಬೆಂಗಳೂರು ಅಥವಾ ಹೈದರಾಬಾದಿನ ಖಾಸಗಿ ಸಂಸ್ಥೆಗಳಿಗೆ ಕಳಿಸಿ ಓದಿಸುವುದೇ ರೂಢಿ. ಅಂಥ ಒಂದು ಪುಣೆಯ ಸಂಸ್ಥೆಯಿಂದ ನಮ್ಮ ವಿಭಾಗ ಪಡೆದ ಸೇವೆಯ ವಿಮರ್ಶೆ ಇದು. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಇಲ್ಲಿ ಎತ್ತುವ ಆಕ್ಷೇಪಗಳು ಆ ಒಂದು ಸಂಸ್ಥೆಗೆ ಸೀಮಿತವಾದವಲ್ಲ. ಇದೇ ಅಚ್ಚಿನ ವರದಿಗಳನ್ನು ಬೇರೆ ಕಡೆಯಿಂದ ತರಿಸಿಕೊಂಡ ಸಹೋದ್ಯೋಗಿಗಳ ಮೇಜಿನ ಮೇಲೂ ಕಂಡಿದ್ದೇನೆ.

ಸೇವೆಯನ್ನು ಅಳೆಯಬೇಕಾದರೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯೊಂದನ್ನು ಮಾದರಿಗಳ ಒಳಗೆ ಇಟ್ಟು ಕಳಿಸುವುದು ಒಳ್ಳೆಯ ಕ್ರಮ. ನಮ್ಮ ವಿದ್ಯಾರ್ಥಿನಿಯ ಯೋಜನೆ ಯಕೃತ್ತಿನ ಕೋಶಗಳನ್ನು ಕುರಿತದ್ದಾಗಿದ್ದರಿಂದ ಆ ಅನುಕೂಲ ತಾನಾಗಿಯೇ ಒದಗಿತು. ಯಕೃತ್ತಿನಲ್ಲಿರುವ ಒಟ್ಟು ಮೈಕ್ರೋಆರ್‌ಎನ್‌ಎಗಳಲ್ಲಿ ಬಹುಪಾಲು ಮಿರ್-122 ಎಂಬ ಒಂದೇ ಬಗೆಯದು. ಪ್ರಯೋಗಾಲಯದಲ್ಲಿ ಬೆಳೆಸುವ ಹ್ಯೂ-7 ಎಂಬ ಕೋಶಸಾಲಿನಲ್ಲಿ ಅದು ಹೇರಳವಾಗಿದೆ. ಹೆಪ್-ಜಿ2 ಎಂಬ ಇನ್ನೊಂದು ಸಾಲಿನಲ್ಲಿ, ಅದೂ ಯಕೃತ್ತಿನ ಗಡ್ಡೆಯಿಂದಲೇ ಬಂದದ್ದಾದರೂ, ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಹೊಟ್ಟೆತುಂಬ ಆಹಾರವಿದ್ದ ಹ್ಯೂ-7, ಅಮೈನೋ ಆಮ್ಲಗಳಿಲ್ಲದ ದ್ರವದಲ್ಲಿ ಉಪವಾಸ ಹಾಕಿದ ಹ್ಯೂ-7 ಮತ್ತು ಹೋಲಿಕೆಗಾಗಿ ಹೆಪ್-ಜಿ2, ಈ ಮೂರನ್ನೂ ಮೂರು ಮೂರು ಪ್ರತ್ಯೇಕ ಕೃಷಿಗಳಿಂದ ತೆಗೆದು ಕಳಿಸಿದೆವು. ಉಪವಾಸದ ಮಾದರಿ ಏಕೆ ಬೇಕಾಯಿತೆಂಬುದನ್ನು ಮುಂದೆ ಹೇಳುತ್ತೇನೆ, ಏಕೆಂದರೆ ವರದಿ ಎಡವಿದ್ದು ಅಲ್ಲಿಯೇ.

ಮೊದಲು ಒಳ್ಳೆಯ ಮಾತು. ಮಾದರಿ ಸ್ವೀಕರಿಸುವ ಹಂತದಲ್ಲಿ ಈ ಸಂಸ್ಥೆಯ ನಡವಳಿಕೆ ಮೆಚ್ಚುವಂಥದ್ದು. ಡ್ರೈ ಐಸ್ ಪೆಟ್ಟಿಗೆ ಎಕ್ಸ್‌ಪ್ರೆಸ್‌ವೇ ದಾಟಿ ತಲುಪಿದ ದಿನವೇ ತಾಪಮಾನದ ದಾಖಲೆಯೊಡನೆ ಸ್ವೀಕೃತಿ ಬಂತು. ಸಂಯೋಜಕರು ಕಲಬುರಗಿ ಕಡೆಯವರು. ನಮ್ಮ ವಿದ್ಯಾರ್ಥಿನಿಯ ಮರಾಠಿ ಇನ್ನೂ ಪಳಗಿಲ್ಲದ ಕಾರಣ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿದ್ದು ಅವಳಿಗೆ ದೊಡ್ಡ ಉಪಕಾರವಾಯಿತು. ಅದಕ್ಕಿಂತ ಮುಖ್ಯವಾಗಿ, ಆರ್‌ಎನ್‌ಎಯನ್ನು ಯಾವ ವಿಧಾನದಲ್ಲಿ ಬೇರ್ಪಡಿಸಿದಿರಿ, ಕಾಲಮ್ (ಆರ್‌ಎನ್‌ಎ ಹಿಡಿಯುವ ಸೋಸುಕೊಳವೆ) ಬಳಸಿದ್ದರೆ ಎಥನಾಲಿನ ಪ್ರಮಾಣ ಎಷ್ಟಿತ್ತು ಎಂದು ಅವರು ತಾವಾಗಿಯೇ ಕೇಳಿದರು. ಸಾಮಾನ್ಯ ಆರ್‌ಎನ್‌ಎ ಕಾಲಮ್‌ಗಳು ಉದ್ದನೆಯ ಎಳೆಗಳನ್ನು ಹಿಡಿದುಕೊಂಡು, ಸುಮಾರು 22 ನ್ಯೂಕ್ಲಿಯೋಟೈಡ್ (ಅಂದರೆ ಆರ್‌ಎನ್‌ಎಯ ಅಕ್ಷರ) ಉದ್ದದ ಮೈಕ್ರೋಆರ್‌ಎನ್‌ಎಗಳನ್ನು ತೊಳೆದುಹಾಕುತ್ತವೆ. ಎಥನಾಲ್ ಹೆಚ್ಚಿಸಿದರೆ ಮಾತ್ರ ಅವು ಉಳಿಯುತ್ತವೆ. ಈ ಪ್ರಶ್ನೆಯನ್ನು ಕೇಳದೆ ಮಾದರಿ ತೆಗೆದುಕೊಳ್ಳುವ ಸಂಸ್ಥೆಗೆ ಮಾದರಿ ಕೊಡಬಾರದು.

ಬೇರ್ಪಡಿಸುವ ಹಂತ ಎಷ್ಟು ಮೋಸಮಾಡಬಲ್ಲದು ಎಂಬುದಕ್ಕೆ ಈ ಕ್ಷೇತ್ರದಲ್ಲಿ ಎಲ್ಲರೂ ನೆನೆಯಬೇಕಾದ ಪ್ರಸಂಗವೊಂದಿದೆ. ಸೋಲ್‌ನಲ್ಲಿರುವ ನ್ಯಾರಿ ಕಿಮ್ ಅವರ ತಂಡ, ಕೋಶಗಳು ತಟ್ಟೆಯಿಂದ ಬೇರ್ಪಟ್ಟಾಗ ಕೆಲವು ಮೈಕ್ರೋಆರ್‌ಎನ್‌ಎಗಳು ಬೇಗ ನಾಶವಾಗುತ್ತವೆ ಎಂದು 2011ರಲ್ಲಿ ಪ್ರಕಟಿಸಿತ್ತು. ಮರುವರ್ಷ ಅದೇ ತಂಡ, ಕೋಶಗಳ ಸಂಖ್ಯೆ ಕಡಿಮೆಯಿದ್ದಾಗ ಟ್ರೈಜಾಲ್ ಎಂಬ ದ್ರಾವಣದಿಂದ ಆರ್‌ಎನ್‌ಎ ಬೇರ್ಪಡಿಸುವ ವಿಧಾನದಲ್ಲಿ ಮಿರ್-141ರಂಥ, ಜಿ ಮತ್ತು ಸಿ ಅಕ್ಷರಗಳು ಕಡಿಮೆಯಿರುವ ಸಣ್ಣ ಆರ್‌ಎನ್‌ಎಗಳು ಸರಿಯಾಗಿ ಒತ್ತರಿಸದೆ ಕಳೆದುಹೋಗುತ್ತವೆ ಎಂದು ಕಂಡುಹಿಡಿದು, ತನ್ನ ಲೇಖನವನ್ನು ತಾನೇ ಹಿಂತೆಗೆದುಕೊಂಡಿತು. ಡ್ರೋಶಾ ಕಿಣ್ವದ ಪಾತ್ರವನ್ನು 2003ರಲ್ಲಿ ತೋರಿಸಿಕೊಟ್ಟ ತಂಡವೂ ಇದೇ. ಅಂಥವರಿಗೇ ಹೀಗಾಯಿತೆಂದ ಮೇಲೆ, ಎಲ್ಲ ಮಾದರಿಗಳಲ್ಲೂ ಕೋಶಗಳ ಸಂಖ್ಯೆ ಒಂದೇ ಸಮನಾಗಿರಲಿ ಎಂದು ಸಂಸ್ಥೆ ತನ್ನ ಸೂಚನಾಪತ್ರದಲ್ಲಿ ಬರೆದಿರುವುದನ್ನು ಅತಿಯೆಂದು ಯಾರೂ ಭಾವಿಸಬಾರದು. ಆದರೆ ಅದೇ ಪತ್ರದಲ್ಲಿ ಆರ್‌ಐಎನ್ ಅಂಕ ಇಷ್ಟಿರಬೇಕು ಎಂದು ಮಾತ್ರ ಒತ್ತಿ ಹೇಳಿರುವುದು ಸಾಲದು. ಆ ಅಂಕ ಮುಖ್ಯವಾಗಿ ರೈಬೋಸೋಮಿನ ದೊಡ್ಡ ಆರ್‌ಎನ್‌ಎಗಳು ಮುರಿದಿವೆಯೇ ಎಂಬುದನ್ನು ಹೇಳುತ್ತದೆ. ಸಣ್ಣವು ಉಳಿದಿವೆಯೇ ಎಂಬುದಕ್ಕೆ ಬೇರೆ ಚಿಪ್ ಬೇಕು. ಕೇಳಿದ ಮೇಲೆ ಆ ಚಿಪ್ಪಿನ ಚಿತ್ರವನ್ನೂ ಕಳಿಸಿದರು, ಹೆಚ್ಚಿನ ಶುಲ್ಕವಿಲ್ಲದೆ.

ಲೈಬ್ರರಿ ತಯಾರಿಕೆಯನ್ನು, ಅಂದರೆ ಆರ್‌ಎನ್‌ಎಯನ್ನು ಯಂತ್ರ ಓದುವಂತೆ ಅಣಿಗೊಳಿಸುವುದನ್ನು, ಅರ್ಥ ಮಾಡಿಕೊಳ್ಳಲು ಮೈಕ್ರೋಆರ್‌ಎನ್‌ಎ ಹುಟ್ಟುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ಕೋಶಕೇಂದ್ರದಲ್ಲಿ ಆರ್‌ಎನ್‌ಎ ಪಾಲಿಮರೇಸ್-2 ಕಿಣ್ವವು ಒಂದು ಉದ್ದನೆಯ ಎಳೆಯನ್ನು ಬರೆಯುತ್ತದೆ. ಆ ಎಳೆ ಮಡಚಿಕೊಂಡು ಹೇರ್‌ಪಿನ್ ಆಕಾರ ತಳೆದ ಜಾಗವನ್ನು ಡ್ರೋಶಾ ಎಂಬ ಕಿಣ್ವ, ಡಿಜಿಸಿಆರ್-8 ಎಂಬ ಜೊತೆಗಾರನ ನೆರವಿನಿಂದ, ಕತ್ತರಿಸುತ್ತದೆ. ಹೀಗೆ ಬಿಡಿಯಾದ, ಸುಮಾರು 60ರಿಂದ 70 ನ್ಯೂಕ್ಲಿಯೋಟೈಡುಗಳ ತುಂಡನ್ನು ಎಕ್ಸ್‌ಪೋರ್ಟಿನ್-5 ಕೋಶದ್ರವ್ಯಕ್ಕೆ ಸಾಗಿಸುತ್ತದೆ. ಅಲ್ಲಿ ಡೈಸರ್ ಎಂಬ ಇನ್ನೊಂದು ಕಿಣ್ವ ಅದರ ಕುಣಿಕೆಯನ್ನು ಕತ್ತರಿಸಿ, ಸುಮಾರು 22 ಅಕ್ಷರಗಳ ಜೋಡಿ ಎಳೆಯನ್ನಾಗಿಸುತ್ತದೆ. ಆರ್ಗೊನಾಟ್ ಪ್ರೋಟೀನು ಆ ಜೋಡಿಯಲ್ಲಿ ಒಂದೆಳೆಯನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡುತ್ತದೆ. ಈ ಎರಡೂ ಕತ್ತರಿಗಳು ಒಂದೇ ಕುಲದವು. ಅವು ಕತ್ತರಿಸಿದ ತುಂಡಿನ 5' ಎಂಬ ಮೊದಲ ತುದಿಯಲ್ಲಿ ಫಾಸ್ಫೇಟೂ 3' ಎಂಬ ಕೊನೆಯ ತುದಿಯಲ್ಲಿ ಹೈಡ್ರಾಕ್ಸಿಲ್ ಗುಂಪೂ ಇರುತ್ತವೆ. ಕೋಶದಲ್ಲಿ ಸುಮ್ಮನೆ ಒಡೆದು ಬಿದ್ದಿರುವ ಬೇರೆ ಆರ್‌ಎನ್‌ಎ ಚೂರುಗಳಲ್ಲಿ ಅನೇಕಕ್ಕೆ ಈ ಲಕ್ಷಣ ಇರುವುದಿಲ್ಲ. ಲೈಬ್ರರಿ ಕಿಟ್ಟುಗಳು ಅಡಾಪ್ಟರ್‌ಗಳನ್ನು (ಯಂತ್ರ ಓದಲು ಬೇಕಾದ ಗುರುತಿನ ತುಣುಕುಗಳನ್ನು) ಅಂಟಿಸುವುದು ಈ ಎರಡು ತುದಿಗಳ ಗುರುತನ್ನು ಹಿಡಿದೇ.

ಅಂಟಿಸುವ ಲೈಗೇಸ್ ಕಿಣ್ವಕ್ಕೆ ಪಕ್ಷಪಾತವಿದೆ. ಕೆಲವು ಮೈಕ್ರೋಆರ್‌ಎನ್‌ಎಗಳ ತುದಿಗೆ ಅಡಾಪ್ಟರ್ ಸುಲಭವಾಗಿ ಅಂಟುತ್ತದೆ, ಕೆಲವಕ್ಕೆ ಅಂಟುವುದೇ ಇಲ್ಲ. ಹೀಗಾಗಿ ಒಂದೇ ಮಾದರಿಯೊಳಗೆ ಮಿರ್-122ರ ರೀಡುಗಳು (ಯಂತ್ರ ಓದಿದ ತುಂಡುಗಳು) ಲೆಟ್-7 ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎಯ ರೀಡುಗಳ ಹತ್ತರಷ್ಟಿವೆ ಎಂದರೆ, ಕೋಶದಲ್ಲೂ ಅದು ಹತ್ತರಷ್ಟಿದೆ ಎಂದು ಓದುವಂತಿಲ್ಲ. ಒಂದೇ ಮೈಕ್ರೋಆರ್‌ಎನ್‌ಎಯನ್ನು ಎರಡು ಮಾದರಿಗಳ ನಡುವೆ ಹೋಲಿಸುವುದು ಮಾತ್ರ ಸಲ್ಲುತ್ತದೆ. ಅಡಾಪ್ಟರಿನ ಕೊನೆಯಲ್ಲಿ ನಾಲ್ಕು ಯಾದೃಚ್ಛಿಕ ಅಕ್ಷರಗಳನ್ನು ಇಟ್ಟ ಕಿಟ್ಟುಗಳು ಈ ಪಕ್ಷಪಾತವನ್ನು ತಕ್ಕಮಟ್ಟಿಗೆ ತಗ್ಗಿಸುತ್ತವೆ. ಯಾವ ಕಿಟ್ ಬಳಸುತ್ತಾರೆ ಎಂಬುದು ಕೊಟೇಶನ್ನಿನಲ್ಲಿ ಇರಲಿಲ್ಲ, ವರದಿಯಲ್ಲೂ ಇರಲಿಲ್ಲ. ಮಿಂಚಂಚೆ ಬರೆದ ಮೇಲೆ ತಿಳಿಯಿತು. ಇಷ್ಟು ಮುಖ್ಯವಾದ ವಿವರವನ್ನು ಗಿರಾಕಿ ಕೇಳಿ ಪಡೆಯಬೇಕಾಗಿ ಬಂದದ್ದು ಸರಿಯಲ್ಲ. ಇನ್ನು ಆ ವರದಿಯ ಎರಡನೆಯ ಪುಟದಲ್ಲಿಯೇ, ಒಂದು ಮಾದರಿಯೊಳಗಿನ ‘ಅತಿ ಹೆಚ್ಚು ಇರುವ 10 ಮೈಕ್ರೋಆರ್‌ಎನ್‌ಎಗಳು’ ಎಂಬ ಬಣ್ಣದ ವೃತ್ತಚಿತ್ರ ಹಾಕಿರುವುದು ಇದೇ ಪಕ್ಷಪಾತವನ್ನು ಮರೆತ ಕೆಲಸ.

ಕಚ್ಚಾ ದತ್ತಾಂಶ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಪ್ರತಿ ಮಾದರಿಗೂ ಒಪ್ಪಿದ್ದ 1 ಕೋಟಿ ರೀಡುಗಳಿಗೆ ಕಡಿಮೆಯಿಲ್ಲದೆ ಬಂದಿದ್ದವು. ಅಡಾಪ್ಟರ್ ಕತ್ತರಿಸಿದ ಮೇಲೆ ಉದ್ದದ ನಕ್ಷೆ ಹಾಕಿದರೆ 22ರಲ್ಲಿ ಚೂಪಾದ ಶಿಖರ ಎದ್ದಿತ್ತು. ಅಮೈನೋ ಆಮ್ಲ ಹೊರುವ ಟಿಆರ್‌ಎನ್‌ಎಗಳ ತುಂಡುಗಳ ಗುಡ್ಡ 30ರ ಆಚೆ ಚಿಕ್ಕದಾಗಿ ಕಾಣುತ್ತಿತ್ತು. ಉಪವಾಸದ ಮಾದರಿಗಳಲ್ಲಿ ಆ ಗುಡ್ಡ ತುಸು ಎತ್ತರವಿದ್ದುದು, ಒತ್ತಡಕ್ಕೊಳಗಾದ ಕೋಶಗಳು ಟಿಆರ್‌ಎನ್‌ಎಗಳನ್ನು ಅರ್ಧಕ್ಕೆ ಸೀಳುತ್ತವೆ ಎಂಬ ತಿಳಿದ ಸಂಗತಿಗೆ ಹೊಂದುತ್ತದೆ. ಮಿರ್-122 ಹ್ಯೂ-7ರಲ್ಲಿ ತುಂಬಿ ತುಳುಕುತ್ತಿತ್ತು, ಹೆಪ್-ಜಿ2ರಲ್ಲಿ ಹುಡುಕಿ ತೆಗೆಯಬೇಕಿತ್ತು. ಒಂದೇ ಗುಂಪಿನ ಮೂರು ಮಾದರಿಗಳು ಒಂದನ್ನೊಂದು ಬಿಟ್ಟುಕೊಡದೆ ಹತ್ತಿರ ನಿಂತಿದ್ದವು. ಮಾದರಿಗಳು ಅದಲುಬದಲಾಗಿಲ್ಲ, ಒಂದರಿಂದ ಇನ್ನೊಂದಕ್ಕೆ ಬೆರೆತಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಸೇವೆ ಇಲ್ಲಿಗೇ ನಿಂತಿದ್ದರೆ ನಾನು ಐದಕ್ಕೆ ಐದು ಕೊಡುತ್ತಿದ್ದೆ.

‘ವಿಶ್ಲೇಷಣೆ’ ಎಂಬ ಹೆಸರಿನಲ್ಲಿ ಬಂದ ಉಳಿದ ಪುಟಗಳು ಬೇರೆಯೇ ಮಟ್ಟದವು. ‘ಹೊಸದಾಗಿ ಪತ್ತೆಯಾದ’ ಮೈಕ್ರೋಆರ್‌ಎನ್‌ಎಗಳ ಒಂದು ಕೋಷ್ಟಕವಿತ್ತು. ಮಾನವನ ಕೋಶಗಳನ್ನು ಜಗತ್ತಿನ ಅಸಂಖ್ಯ ಪ್ರಯೋಗಾಲಯಗಳು ಓದಿ ಮುಗಿಸಿರುವಾಗ, ಸಾಧಾರಣ ಕೋಶಸಾಲೊಂದರಲ್ಲಿ ಡಜನ್ನುಗಟ್ಟಲೆ ಹೊಸತು ಸಿಕ್ಕರೆ ಮೊದಲು ಅನುಮಾನಿಸಬೇಕಾದದ್ದು ತಂತ್ರಾಂಶವನ್ನೇ. ಮಿರ್‌ಬೇಸ್ ಎಂಬ ಮೈಕ್ರೋಆರ್‌ಎನ್‌ಎ ದತ್ತಸಂಚಯದ 22ನೆಯ ಆವೃತ್ತಿಯಲ್ಲಿ ಮಾನವನ ಹೇರ್‌ಪಿನ್‌ಗಳು 1,917 ಇವೆ. ಡ್ರೋಶಾ ಮತ್ತು ಡೈಸರ್ ಕತ್ತರಿಸಿದ ಗುರುತುಗಳನ್ನು ಕಟ್ಟುನಿಟ್ಟಾಗಿ ಪರಿಶೀಲಿಸುವ ಮಿರ್‌ಜೀನ್‌ಡಿಬಿ ಎಂಬ ಇನ್ನೊಂದು ಸಂಚಯ ಅವುಗಳಲ್ಲಿ ಮೂರನೇ ಒಂದರಷ್ಟನ್ನೂ ಒಪ್ಪುವುದಿಲ್ಲ. ಇದ್ದ ಪಟ್ಟಿಯೇ ಇಷ್ಟು ಸಡಿಲವಾಗಿರುವಾಗ ಅದಕ್ಕೆ ಇನ್ನಷ್ಟು ಸೇರಿಸುವ ಅವಸರ ಯಾರಿಗೂ ಬೇಕಿಲ್ಲ. ಆ ಕೋಷ್ಟಕವನ್ನು ನಾವು ತೆರೆದು, ಮುಚ್ಚಿದೆವು.

ಎಲ್ಲಕ್ಕಿಂತ ದಪ್ಪನೆಯ ಭಾಗ ಗುರಿ ವಂಶವಾಹಿಗಳ ಪಟ್ಟಿ. ಉಪವಾಸದಲ್ಲಿ ಏರಿದ ಅಥವಾ ಇಳಿದ ಮೈಕ್ರೋಆರ್‌ಎನ್‌ಎಗಳನ್ನು ಆರಿಸಿ, ಅವು ‘ನಿಯಂತ್ರಿಸುವ’ ಸಾವಿರಾರು ವಂಶವಾಹಿಗಳನ್ನು ಒಂದು ತಂತ್ರಾಂಶದಿಂದ ತೆಗೆದು, ಏರಿದವುಗಳ ಗುರಿಗಳು ಕುಗ್ಗಿವೆ, ಇಳಿದವುಗಳ ಗುರಿಗಳು ಹಿಗ್ಗಿವೆ ಎಂದು ಬಾಣಗಳನ್ನು ಹಾಕಿದ್ದರು. ನಾವು ಕಳಿಸಿದ ಮಾದರಿಗಳಲ್ಲಿ ಎಂಆರ್‌ಎನ್‌ಎಯನ್ನಾಗಲೀ (ಪ್ರೋಟೀನು ಕಟ್ಟಲು ವಂಶವಾಹಿಯ ಸಂದೇಶ ಒಯ್ಯುವ ಎಳೆ) ಪ್ರೋಟೀನನ್ನಾಗಲೀ ಯಾರೂ ಅಳೆದಿರಲಿಲ್ಲ. ಬಾಣಗಳೆಲ್ಲವೂ ಊಹೆಯಿಂದ ಎಳೆದವು. ಆ ಮಾತು ಮಾತ್ರ ವರದಿಯ ಯಾವ ಅಡಿಬರಹದಲ್ಲೂ ಇರಲಿಲ್ಲ.

ಊಹೆ ಎಷ್ಟು ಸಡಿಲವೆಂದು ತಿಳಿಯಲು ಕಾಗದ ಪೆನ್ಸಿಲ್ ಸಾಕು. ಪ್ರಾಣಿಗಳಲ್ಲಿ ಮೈಕ್ರೋಆರ್‌ಎನ್‌ಎ ತನ್ನ ಗುರಿಯನ್ನು ಗುರುತಿಸುವುದು ಮುಖ್ಯವಾಗಿ ತನ್ನ 2ರಿಂದ 7ನೆಯ ಅಥವಾ 8ನೆಯ ಅಕ್ಷರದವರೆಗಿನ ಭಾಗದಿಂದ; ಇದನ್ನು ಸೀಡ್ ಎನ್ನುತ್ತಾರೆ. ಎಂಆರ್‌ಎನ್‌ಎಯ 3' ಯುಟಿಆರ್ ಎಂಬ, ಪ್ರೋಟೀನಾಗಿ ಅನುವಾದವಾಗದ ಕೊನೆಯ ಭಾಗದಲ್ಲಿ ಈ ಸೀಡಿಗೆ ಹೊಂದುವ ಆರು ಅಕ್ಷರಗಳಿದ್ದರೆ ತಂತ್ರಾಂಶ ಅದನ್ನು ಗುರಿಯೆಂದು ಬರೆದುಕೊಳ್ಳಬಹುದು. ನಾಲ್ಕು ಅಕ್ಷರಗಳ ಲಿಪಿಯಲ್ಲಿ ಯಾವುದೇ ಆರಕ್ಷರದ ಮಾತು ಸುಮ್ಮನೆ ಆಕಸ್ಮಿಕವಾಗಿಯೇ 4,096 ಜಾಗಗಳಿಗೊಮ್ಮೆ ಸಿಗುತ್ತದೆ. ಯುಟಿಆರ್ ಸಾವಿರ ಅಕ್ಷರ ಉದ್ದವಿದೆಯೆಂದು ಇಟ್ಟುಕೊಂಡರೆ, ಸುಮಾರು 20,000 ವಂಶವಾಹಿಗಳಲ್ಲಿ ನಾಲ್ಕೈದು ಸಾವಿರದಲ್ಲಿ ಅದು ಯಾವ ಅರ್ಥವೂ ಇಲ್ಲದೆ ಕಾಣಿಸಿಕೊಳ್ಳಬೇಕು. ಮಾಟುಂಗಾ ಮಾರುಕಟ್ಟೆಯಲ್ಲಿ ನಿಂತು ‘ಶೆಟ್ರೇ’ ಎಂದು ಕೂಗಿದರೆ ತಿರುಗಿ ನೋಡುವವರೆಲ್ಲ ನಾವು ಹುಡುಕಿಕೊಂಡು ಬಂದವರಲ್ಲ. ಎಂಟು ಅಕ್ಷರ ಹೊಂದುವ ತಾಣ, ಹತ್ತಾರು ಪ್ರಾಣಿಗಳಲ್ಲಿ ಬದಲಾಗದೆ ಉಳಿದ ತಾಣ, ಆರ್ಗೊನಾಟ್ ನಿಜವಾಗಿ ಕುಳಿತಿರುವುದನ್ನು ಕ್ಲಿಪ್ ಪ್ರಯೋಗ ತೋರಿಸಿದ ತಾಣ, ಹೀಗೆ ಜರಡಿ ಹಿಡಿಯುತ್ತ ಹೋದರೆ ಪಟ್ಟಿ ಬೇಗ ಕರಗುತ್ತದೆ. ಟಾರ್ಗೆಟ್‌ಸ್ಕ್ಯಾನಿನಂಥ ಸಾಧನಗಳು ತಾಣದ ಬಗೆ ಮತ್ತು ಸಂರಕ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಅಂಕ ಕೊಡುತ್ತವೆ. ನಮಗೆ ಬಂದ ಪಟ್ಟಿಯಲ್ಲಿ ಆ ಅಂಕವೂ ಇರಲಿಲ್ಲ, ತಾಣವು ಆರಕ್ಷರದ್ದೋ ಎಂಟಕ್ಷರದ್ದೋ ಎಂಬ ಕಾಲಮೂ ಇರಲಿಲ್ಲ.

ತಾಣ ನಿಜವೇ ಆಗಿದ್ದರೂ ಪರಿಣಾಮ ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಗುರಿಯ ಮೇಲೆ ಕುಳಿತ ಆರ್ಗೊನಾಟ್, ಜಿಡಬ್ಲ್ಯೂ-182 ಕುಟುಂಬದ ಪ್ರೋಟೀನನ್ನು ಕರೆತರುತ್ತದೆ. ಅದು ಸಿಸಿಆರ್-4–ನಾಟ್ ಮುಂತಾದ ಕಿಣ್ವಸಮೂಹಗಳನ್ನು ಕರೆತಂದು ಎಂಆರ್‌ಎನ್‌ಎಯ ಪಾಲಿ-ಎ ಬಾಲವನ್ನು ಮೊಟಕು ಮಾಡಿಸುತ್ತದೆ. ಬಾಲ ಹೋದ ಮೇಲೆ ತಲೆಯ ಟೋಪಿಯೂ ಕಳಚಿ, ಎಕ್ಸ್‌ಆರ್‌ಎನ್-1 ಕಿಣ್ವ ಆ ಎಳೆಯನ್ನು 5' ತುದಿಯಿಂದ ತಿನ್ನುತ್ತ ಹೋಗುತ್ತದೆ. ಜೊತೆಗೆ ಅನುವಾದವೂ (ಎಂಆರ್‌ಎನ್‌ಎ ಓದಿ ಪ್ರೋಟೀನು ಕಟ್ಟುವುದು) ಕುಂಠಿತವಾಗುತ್ತದೆ, ಆದರೆ ಸಸ್ತನಿಗಳ ಕೋಶಗಳಲ್ಲಿ ಪ್ರೋಟೀನ್ ಇಳಿಕೆಯ ಬಹುಪಾಲು ಎಂಆರ್‌ಎನ್‌ಎ ನಾಶದಿಂದಲೇ ಆಗುವುದೆಂದು 2010ರ ಹೊತ್ತಿಗೆ ತಿಳಿದುಬಂದಿತ್ತು. ಸಾವಿರಾರು ಪ್ರೋಟೀನುಗಳನ್ನು ಒಟ್ಟಿಗೆ ಅಳೆದ 2008ರ ಎರಡು ಅಧ್ಯಯನಗಳು, ಒಂದು ಮೈಕ್ರೋಆರ್‌ಎನ್‌ಎ ನೂರಾರು ಪ್ರೋಟೀನುಗಳನ್ನು ತಟ್ಟಿದರೂ ಹೆಚ್ಚಿನವುಗಳಲ್ಲಿ ಇಳಿಕೆ ಎರಡು ಪಟ್ಟಿಗಿಂತ ಕಡಿಮೆಯೇ ಎಂದು ತೋರಿಸಿದವು. ನಮ್ಮ ವರದಿಯಲ್ಲಿನ ಬಾಣಗಳ ದಪ್ಪ ನೋಡಿದರೆ ಈ ವಿನಯದ ಸುಳಿವೇ ಸಿಗುವುದಿಲ್ಲ.

ಈಗ ಉಪವಾಸದ ಮಾದರಿಯ ಮಾತಿಗೆ ಬರುತ್ತೇನೆ. ಹ್ಯೂ-7 ಕೋಶಗಳಲ್ಲಿ ಮಿರ್-122, ಕ್ಯಾಟ್-1 ಎಂಬ ಅಮೈನೋ ಆಮ್ಲ ಸಾಗಿಸುವ ಪ್ರೋಟೀನಿನ ಎಂಆರ್‌ಎನ್‌ಎಯನ್ನು ಅದುಮಿಟ್ಟಿರುತ್ತದೆ. ಕೋಶಕ್ಕೆ ಅಮೈನೋ ಆಮ್ಲಗಳು ಸಿಗದೇ ಹೋದಾಗ ಎಚ್‌ಯುಆರ್ ಎಂಬ ಪ್ರೋಟೀನು ಅದೇ ಎಂಆರ್‌ಎನ್‌ಎಯ ಯುಟಿಆರ್ ಮೇಲೆ ಬೇರೊಂದು ಜಾಗದಲ್ಲಿ ಬಂದು ಕುಳಿತು ಆ ಅದುಮನ್ನು ಬಿಡಿಸುತ್ತದೆ. ಕ್ಯಾಟ್-1 ಮತ್ತೆ ತಯಾರಾಗತೊಡಗುತ್ತದೆ. ಹಸಿದ ಕೋಶ ಬಾಗಿಲು ತೆರೆಯಲೇಬೇಕಲ್ಲ! ಬಾಸೆಲ್‌ನ ವಿಟೋಲ್ಡ್ ಫಿಲಿಪೋವಿಚ್ ಅವರ ಪ್ರಯೋಗಾಲಯದಿಂದ 2006ರಲ್ಲಿ ಬಂದ ಈ ಕೆಲಸದ ಮೊದಲ ಲೇಖಕರು ಸುವೇಂದ್ರ ಭಟ್ಟಾಚಾರ್ಯ. ಅವರು ಆಮೇಲೆ ಕೋಲ್ಕತ್ತದ ಭಾರತೀಯ ರಾಸಾಯನಿಕ ಜೀವವಿಜ್ಞಾನ ಸಂಸ್ಥೆಯಲ್ಲಿ ಇದೇ ದಾರಿಯ ಸಂಶೋಧನೆ ಮುಂದುವರಿಸಿದರು. ಈ ಕಥೆಯಲ್ಲಿ ಗಮನಿಸಬೇಕಾದ ಅಂಶವೆಂದರೆ ಮಿರ್-122ರ ಪ್ರಮಾಣ ಬದಲಾಗದೆಯೇ ಅದರ ಪರಿಣಾಮ ಬದಲಾಗುತ್ತದೆ. ನಮ್ಮ ಎಣಿಕೆಯಲ್ಲೂ ಹೊಟ್ಟೆತುಂಬಿದ ಮತ್ತು ಹಸಿದ ಹ್ಯೂ-7ಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ಇತ್ತು. ‘ಬದಲಾದವು’ಗಳ ಪಟ್ಟಿಯಿಂದ ಹೊರಗುಳಿದ ಕಾರಣ ವರದಿಯ ವಿಶ್ಲೇಷಣೆ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಹೀಗಾಗಿ ಈ ಕೋಶಗಳಲ್ಲಿ, ಈ ಒತ್ತಡದಲ್ಲಿ ಪ್ರಯೋಗದಿಂದ ರುಜುವಾತಾದ ಸಂಬಂಧವೊಂದನ್ನು ವರದಿ ಪೂರ್ತಿ ಕೈಬಿಟ್ಟು, ಯಾರೂ ತೋರಿಸದ ಸಾವಿರಾರು ಸಂಬಂಧಗಳನ್ನು ಕೊಟ್ಟಿತು. ಇದು ತಂತ್ರಾಂಶದ ದೋಷವಲ್ಲ. ಪ್ರಮಾಣ ಬದಲಾದರೆ ಮಾತ್ರ ನಿಯಂತ್ರಣ ಬದಲಾಗುತ್ತದೆ ಎಂದು ಮೊದಲೇ ನಿರ್ಧರಿಸಿ ಕಟ್ಟಿದ ಕಾರ್ಯವಿಧಾನದ ದೋಷ.

ಮೊಟ್ಟಮೊದಲ ಮೈಕ್ರೋಆರ್‌ಎನ್‌ಎಯ ಗುರಿ ಸಾಬೀತಾದದ್ದು ಬೇರೆ ರೀತಿಯಲ್ಲಿ. 1993ರಲ್ಲಿ ಆಂಬ್ರೋಸ್ ತಂಡ ದುಂಡುಹುಳುವಿನ ಲಿನ್-4 ವಂಶವಾಹಿ ಪ್ರೋಟೀನನ್ನು ತಯಾರಿಸದೆ ಬರೀ 22 ಅಕ್ಷರಗಳ ಆರ್‌ಎನ್‌ಎಯನ್ನು ತಯಾರಿಸುತ್ತದೆ ಎಂದು ಕಂಡಿತು; ಅದಕ್ಕೂ ಮೊದಲೇ ರವ್ಕುನ್ ತಂಡ ಲಿನ್-4ರ ಗುರಿಯಾದ ಲಿನ್-14ರ ಯುಟಿಆರ್ ಕಳೆದುಕೊಂಡ ಹುಳುಗಳಲ್ಲಿ ಅದರ ಪ್ರೋಟೀನು ಇಳಿಯಬೇಕಾದಾಗ ಇಳಿಯುವುದಿಲ್ಲ ಎಂದು ತೋರಿಸಿತ್ತು. ಅಕ್ಷರಗಳ ಹೊಂದಾಣಿಕೆಗೆ ಬಲ ಬಂದದ್ದು, ಆ ಭಾಗವನ್ನು ತೆಗೆದಾಗ ಏನಾಗುತ್ತದೆಂದು ಜೀವಂತ ಪ್ರಾಣಿಯಲ್ಲಿ ಆಗಲೇ ಗೊತ್ತಿದ್ದುದರಿಂದ. ಇಂದಿಗೂ ಲೂಸಿಫರೇಸ್ ಪ್ರಯೋಗದಲ್ಲಿ (ಬೆಳಕು ಸೂಸುವ ಪ್ರೋಟೀನಿನಿಂದ ಅದುಮನ್ನು ಅಳೆಯುವುದು) ಸೀಡ್ ತಾಣದ ಎರಡು ಮೂರು ಅಕ್ಷರ ಕೆಡಿಸಿ, ಅದುಮು ಹೋಗುತ್ತದೆಯೇ ಎಂದು ನೋಡದ ಪ್ರಬಂಧವನ್ನು ಒಳ್ಳೆಯ ಪರೀಕ್ಷಕರು ಹಿಂದಿರುಗಿಸುತ್ತಾರೆ. ಸೇವಾಸಂಸ್ಥೆ ಇದನ್ನೆಲ್ಲ ಮಾಡಿಕೊಡಲಿ ಎಂದು ನಾನು ಕೇಳುತ್ತಿಲ್ಲ. ಮಾಡದೇ ಇರುವುದನ್ನು ಮಾಡಿಲ್ಲ ಎಂದು ಬರೆಯಲಿ ಎಂದಷ್ಟೇ ಕೇಳುತ್ತಿದ್ದೇನೆ.

ಕೊನೆಯ ಪುಟಗಳಲ್ಲಿ ಪಾಥ್‌ವೇ, ಅಂದರೆ ಒಟ್ಟಾಗಿ ಒಂದು ಕೆಲಸ ನಡೆಸುವ ವಂಶವಾಹಿಗಳ ಸರಣಿಯ, ಚಿತ್ರಗಳು. ಆ ಸಾವಿರಾರು ಊಹೆಗಳನ್ನು ಒಟ್ಟುಗೂಡಿಸಿ, ಯಾವ ಪಾಥ್‌ವೇಗಳಲ್ಲಿ ಅವು ಹೆಚ್ಚಾಗಿವೆ ಎಂದು ಲೆಕ್ಕ ಹಾಕಿ, ‘ಕ್ಯಾನ್ಸರ್ ಪಾಥ್‌ವೇಗಳು’ ಮೊದಲ ಸ್ಥಾನದಲ್ಲಿವೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಯಾವ ಮೈಕ್ರೋಆರ್‌ಎನ್‌ಎಗಳನ್ನು ಚೀಟಿ ಎತ್ತಿ ಆರಿಸಿದರೂ ಹೀಗೆಯೇ ಕ್ಯಾನ್ಸರ್, ಕೋಶವಿಭಜನೆ ಇತ್ಯಾದಿ ಮೇಲೆ ಬರುತ್ತವೆ ಎಂಬುದು 2015ರಿಂದ ಪ್ರಕಟಿತ ಸಂಗತಿ. ಅಂಥ ವಂಶವಾಹಿಗಳ ಮೇಲೆ ಊಹಿತ ತಾಣಗಳೇ ಹೆಚ್ಚು, ಹಾಗಾಗಿ ಲೆಕ್ಕ ಮೊದಲೇ ವಾಲಿರುತ್ತದೆ. ಈ ಬಗ್ಗೆ ವಿಚಾರಿಸಿದಾಗ ಸಂಯೋಜಕರು ಮುಚ್ಚುಮರೆಯಿಲ್ಲದೆ ಹೇಳಿದರು: “ಸರ್, ಕ್ಯಾನ್ಸರ್ ಪಾಥ್‌ವೇ ಎಲ್ಲಾರ ರಿಪೋರ್ಟಿನ್ಯಾಗೂ ಬರ್ತದ್ರೀ. ಅದಿಲ್ಲಂದ್ರ ಗೈಡ್‌ಗಳು ರಿಪೋರ್ಟ್ ಅರ್ಧಾ ಅದ ಅಂತ ವಾಪಸ್ ಕಳಸ್ತಾರ್ರೀ.” ಅವರ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ, ಮತ್ತು ತಪ್ಪಿನ ಅರ್ಧ ಪಾಲು ನಮ್ಮ ಗೈಡ್ ಕುಲಕ್ಕೆ ಸೇರಿದ್ದೆಂದು ಒಪ್ಪುತ್ತೇನೆ.

ರಕ್ತದ ಮಾದರಿ ಕಳಿಸಬೇಕೆಂದಿರುವವರಿಗೆ ಒಂದು ಎಚ್ಚರಿಕೆ. ಕೆಂಪು ರಕ್ತಕಣ ಒಡೆದರೆ ಅದರೊಳಗಿನ ಮಿರ್-451 ಮತ್ತು ಮಿರ್-16 ಪ್ಲಾಸ್ಮಾಕ್ಕೆ ಸುರಿದು ರೋಗದ ಗುರುತಿನಂತೆ ನಟಿಸುತ್ತವೆ. ಈ ಸಂಸ್ಥೆ ಪ್ಲಾಸ್ಮಾವನ್ನು ಸ್ವೀಕರಿಸುತ್ತದಾದರೂ ರಕ್ತಕಣ ಒಡೆದಿರುವುದನ್ನು ಪರೀಕ್ಷಿಸುವುದು ಅದರ ಪಟ್ಟಿಯಲ್ಲಿಲ್ಲ. 414 ನ್ಯಾನೋಮೀಟರಿನಲ್ಲಿ ಹೀಮೋಗ್ಲೋಬಿನ್ನಿನ ಹೀರಿಕೆ ನೋಡಿಕೊಳ್ಳುವುದು ಕಳಿಸುವವರ ಹೊಣೆ. ಹೆಪಾರಿನ್ ಟ್ಯೂಬು ಬೇಡ, ಇಡಿಟಿಎ ಇರಲಿ. ಹೆಪಾರಿನ್ ಮುಂದಿನ ಕಿಣ್ವಕ್ರಿಯೆಗಳಿಗೆ ಅಡ್ಡಬರುತ್ತದೆ.

ದರದ ವಿಷಯದಲ್ಲಿ ದೂರಿಲ್ಲ. ಬೆಂಗಳೂರಿನಿಂದ ತರಿಸಿದ ಕೊಟೇಶನ್ನಿಗಿಂತ ಕಡಿಮೆಯೇ ಇತ್ತು, ಬೆಂಗಳೂರಿನವರೆಗೆ ಡ್ರೈ ಐಸ್ ಸಾಗಿಸುವ ವೆಚ್ಚವೂ ಉಳಿಯಿತು. ಹೇಳಿದ ಸಮಯಕ್ಕಿಂತ ಕೆಲವು ದಿನ ತಡವಾಯಿತು, ಗಣೇಶೋತ್ಸವದ ವಾರ ಪುಣೆಯಲ್ಲಿ ಯಾವ ಕೆಲಸ ಸಮಯಕ್ಕೆ ಆಗುತ್ತದೆ ಎಂದು ಬಲ್ಲವರು ಇದನ್ನು ದೊಡ್ಡದು ಮಾಡಲಾರರು. ಕೇಳಿದರೆ ಮಾತ್ರ ಕೊಡುವ ಕಚ್ಚಾ ಎಣಿಕೆಯ ಕೋಷ್ಟಕವನ್ನು ಮಾತ್ರ ತಪ್ಪದೆ ಕೇಳಿ ಪಡೆಯಿರಿ. ವರದಿಯಲ್ಲಿರುವುದು ಹತ್ತು ಲಕ್ಷಕ್ಕೆ ಇಷ್ಟು ಎಂಬ ಪ್ರಮಾಣ; ಡೆಸೆಕ್-2ರಂಥ ಸಂಖ್ಯಾಶಾಸ್ತ್ರದ ಪ್ಯಾಕೇಜುಗಳಿಗೆ ಬೇಕಾದದ್ದು ಮೂಲ ಎಣಿಕೆ. ಅದರಲ್ಲೂ ಮಿರ್-122ರಂಥ ಒಂದೇ ದೈತ್ಯ ಅರ್ಧ ಲೈಬ್ರರಿಯನ್ನು ನುಂಗಿರುವ ಮಾದರಿಯನ್ನು, ಅದಿಲ್ಲದ ಹೆಪ್-ಜಿ2ರ ಪಕ್ಕದಲ್ಲಿಟ್ಟು ಹತ್ತು ಲಕ್ಷದ ಲೆಕ್ಕದಲ್ಲಿ ಹೋಲಿಸಿದರೆ, ಉಳಿದ ಎಲ್ಲ ಮೈಕ್ರೋಆರ್‌ಎನ್‌ಎಗಳೂ ಹ್ಯೂ-7ರಲ್ಲಿ ಕುಸಿದಂತೆ ಕಾಣುತ್ತವೆ.

ನಮ್ಮ ಮುಂದಿನ ಮಾದರಿಗಳೂ ಇದೇ ಸಂಸ್ಥೆಗೆ ಹೋಗುತ್ತಿವೆ. ಕೊಟೇಶನ್ನಿನಿಂದ ‘ಗುರಿ ಮತ್ತು ಪಾಥ್‌ವೇ ವಿಶ್ಲೇಷಣೆ’ ಎಂಬ ಸಾಲನ್ನು ತೆಗೆಸಿದ್ದೇವೆ. ಅದರಲ್ಲಿ ಉಳಿದ ಹಣಕ್ಕೆ ಅದೇ ಆರ್‌ಎನ್‌ಎಯಿಂದ ಎಂಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿಕೊಡಲು ಒಪ್ಪಿದ್ದಾರೆ. ಕಿಟ್ಟಿನ ಹೆಸರನ್ನು ಕೊಟೇಶನ್ನಿನಲ್ಲಿಯೇ ನಮೂದಿಸಬೇಕೆಂಬ ಕೋರಿಕೆಗೆ ಇನ್ನೂ ಉತ್ತರ ಬಂದಿಲ್ಲ.